ಮೆಣಸಿನಕಾಯಿ ರೋಗ: ಮೊದಲು ಗಿಡ ನೋಡಿ, ಆಮೇಲೆ ಪಂಪು ಹೊತ್ತುಕೊಳ್ಳಿ

ಪ್ರಶ್ನೆ: ನಮ್ಮ ಎರೆ ಹೊಲದ ಬ್ಯಾಡಗಿ ಗಿಡಗಳ ತುದಿ ಒಣಗುತ್ತಾ ಕೆಳಗಿಳಿಯುತ್ತಿದೆ. ಹಣ್ಣುಗಾಯಿಗೆ ಕಲೆ ಬಿದ್ದಿವೆ, ಕೆಲವು ಬಿಳಿಚಿವೆ. ಎಲ್ಲಕ್ಕೂ ಸೇರಿ ಒಂದು ಔಷಧ ಹೇಳಿ. (ಕುಂದಗೋಳ)

ಎಲ್ಲಕ್ಕೂ ಸೇರಿ ಒಂದು ಔಷಧ ಇಲ್ಲ. ಅಂಗಡಿಯವರು ಹೇಳಿದರೆಂದು ನಾಲ್ಕು ಬಾಟಲಿ ಒಂದೇ ಪಂಪಿಗೆ ಸುರಿಯುವುದನ್ನು ದಯವಿಟ್ಟು ನಿಲ್ಲಿಸಿ.

ಕಾಯಿ ಕಿತ್ತು ನೋಡಿ. ಕಲೆ ಒಳಗೆ ಕುಸಿದು, ಅದರ ಮೇಲೆ ಉಂಗುರದೊಳಗೆ ಉಂಗುರವಾಗಿ ಕಪ್ಪು ಚುಕ್ಕೆಗಳು ಕೂತಿದ್ದರೆ ಅದು ಕೊಲೆಟೋಟ್ರೈಕಮ್ ಶಿಲೀಂಧ್ರದ ಕಾಯಿಕೊಳೆ. ಒಣಗಿದ ಟೊಂಗೆಯ ಮೇಲೂ ಸೂಜಿಮೊನೆಯಷ್ಟು ಅದೇ ಚುಕ್ಕೆ ಕಂಡರೆ ತುದಿ ಒಣಗುವುದೂ ಅದೇ ರೋಗ, ಬೇರೆಯದಲ್ಲ. ಬಿಸಿಲು ಬೀಳುವ ಬದಿ ಮಾತ್ರ ಕಾಗದದಂತೆ ಬಿಳಿಚಿದ್ದರೆ ಅದು ಬಿಸಿಲಿಗೆ ಸುಟ್ಟದ್ದು. ಅಲ್ಲಿ ಕಾಣುವ ಕರಿ ಬೂಷ್ಟು ಆಮೇಲೆ ಬಂದು ಸೇರಿದ್ದು. ಅದಕ್ಕೆ ಸಿಂಪಡಿಸಿದ ಹಣ ದಂಡ. ಗಿಡದ ಎಲೆ ಉದುರದಂತೆ ಕಾಯ್ದರೆ ಕಾಯಿಗೆ ನೆರಳು ಉಳಿಯುತ್ತದೆ.

ಅನುಮಾನವಿದ್ದರೆ ಕಾಯಿ ತೊಳೆದು, ತೊಯ್ಸಿದ ಕಾಗದದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಎರಡು ದಿನ ಕಟ್ಟಿಡಿ. ಕಲೆಯ ಮೇಲೆ ನಸುಗೆಂಪು ಜಿಗುಟು ಎದ್ದರೆ ಕಾಯಿಕೊಳೆಯೇ.

ಹಾಗಿದ್ದರೆ ಒಣಗಿದ ಟೊಂಗೆಯನ್ನು ಎರಡು ಬೆರಳಷ್ಟು ಹಸಿರು ಭಾಗ ಸೇರಿಸಿ ಕತ್ತರಿಸಿ, ಕೊಳೆತ ಕಾಯಿ ಆರಿಸಿ, ಎರಡನ್ನೂ ಸುಡಿ. ಬದುವಿಗೆ ಎಸೆದರೆ ಮಳೆಹನಿ ಸಿಡಿದು ಮತ್ತೆ ಗಿಡಕ್ಕೇ ಹತ್ತುತ್ತದೆ. ನಂತರ ಲೀಟರ್ ನೀರಿಗೆ ಅರ್ಧ ಮಿ.ಲೀ. ಡೈಫೆನೊಕೊನಾಜೋಲ್ 25 ಇಸಿ ಎಂಬ ಶಿಲೀಂಧ್ರನಾಶಕ ಬೆರೆಸಿ ಹೊಡೆಯಿರಿ. ಮೋಡ ಬಿಡದಿದ್ದರೆ ಎರಡನೇ ಸಲ ಅದನ್ನೇ ಹೊಡೆಯಬೇಡಿ, ಮ್ಯಾಂಕೋಜೆಬ್ 2.5 ಗ್ರಾಂ ಬಳಸಿ. ಕೊನೆಯ ಸಿಂಪಡಣೆಯಿಂದ ಕೊಯ್ಲಿಗೆ ಲೇಬಲ್ ಹೇಳಿದಷ್ಟು ದಿನ ಬಿಡಲೇಬೇಕು. ಈ ಕಾಯಿ ತಿನ್ನುವವರಿದ್ದಾರೆ.

ಈ ರೋಗ ಬೀಜದಲ್ಲೇ ಬರುತ್ತದೆ. ಕಲೆಗಾಯಿಯ ಬೀಜ ಇಟ್ಟುಕೊಂಡು ಮರುವರ್ಷ ಭೂಮಿಯನ್ನು ಬೈಯುವವರೇ ಹೆಚ್ಚು. ಕಲೆಯಿಲ್ಲದ ಕಾಯಿಯಿಂದ ಬೀಜ ತೆಗೆದು, ಕೆಜಿಗೆ 4 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ) ಸವರಿ ಸಸಿಮಡಿಗೆ ಹಾಕಿ.

ಪ್ರಶ್ನೆ: ಎಲೆ ಮುಟುರಿದೆ. ಯಾವ ಶಿಲೀಂಧ್ರನಾಶಕ? (ಶಿಗ್ಗಾವಿ)

ಯಾವುದೂ ಬೇಡ, ಅದು ಶಿಲೀಂಧ್ರವಲ್ಲ. ಎಲೆ ದೋಣಿಯಂತೆ ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ, ಕೆಳಕ್ಕೆ ಬಾಗಿದ್ದರೆ ಮೈಟ್ ನುಸಿ. ಎಷ್ಟು ಸಲ ಬರೆದರೂ ಇದೇ ಪ್ರಶ್ನೆ ಬರುತ್ತದೆ.

ಪ್ರಶ್ನೆ: ಬೂದಿರೋಗಕ್ಕೆ ಒಲೆಯ ಬೂದಿ ಎರಚಬಹುದೇ? (ರೋಣ)

ಬೇಡ. ಬಿಳಿ ಪುಡಿ ಇರುವುದು ಎಲೆಯ ಅಡಿಯಲ್ಲಿ. ನೀರಲ್ಲಿ ಕದಡುವ ಗಂಧಕ ಲೀಟರಿಗೆ 3 ಗ್ರಾಂ ಬೆರೆಸಿ ಅಡಿಭಾಗಕ್ಕೆ ಹೊಡೆಯಿರಿ. ನಡುಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಪ್ರಶ್ನೆ: ಸೊರಗಿದ ಗಿಡದ ಫೋಟೊ ಕಳಿಸಿದ್ದೇನೆ, ರೋಗ ಹೇಳಿ. (ಹಾವೇರಿ)

ಫೋಟೊದಲ್ಲಿ ಬೇರು ಕಾಣುವುದಿಲ್ಲ. ಬೇರುಸಹಿತ ಕಿತ್ತು, ಕಾಗದದಲ್ಲಿ ಸುತ್ತಿ, ಅದೇ ದಿನ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ.