ಅಳಿಸಿಹೋಗುವುದಿಲ್ಲ

ಆತ್ಮೀಯರೇ,

ಪರೀಕ್ಷೆಯ ಗಾಬರಿ ಮತ್ತು ಮರೆವಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ. ಪಿಯುಸಿ ಹುಡುಗಿ ಪ್ರಶ್ನೆಪತ್ರಿಕೆ ಮಗುಚಿಟ್ಟು ಫ್ಯಾನ್ ನೋಡುತ್ತಾ ಕೂರುವ ಆರಂಭವೂ ಚೆನ್ನಾಗಿದೆ. ಎರಡನೇ ಪುಟಕ್ಕೆ ಬಂದಾಗ ಮಾತ್ರ ಸಿಟ್ಟು ಬಂತು.

‘ಒತ್ತಡದ ಹಾರ್ಮೋನು ಓದಿದ್ದನ್ನೆಲ್ಲ ಮಿದುಳಿನಿಂದ ಅಳಿಸಿಬಿಡುತ್ತದೆ’ ಎಂದಿದ್ದೀರಿ. ಹಾಗಿದ್ದರೆ ಕೊನೆಯ ಪ್ಯಾರಾದಲ್ಲಿ ಬಸ್‌ಸ್ಟಾಪಿನಲ್ಲಿ ನಿಂತ ಅದೇ ಹುಡುಗಿಗೆ ಉತ್ತರ ಹೊಳೆದದ್ದು ಹೇಗೆ? ಕಲಿತದ್ದು ಒಳಗೇ ಇತ್ತು, ಆ ಹೊತ್ತಿಗೆ ಕೈಗೆ ಸಿಗಲಿಲ್ಲ, ಅಷ್ಟೆ. ‘ಅಳಿಸಿತು’ ಎಂದು ನಂಬಿದ ಮಗು ಪೆನ್ನು ಕೆಳಗಿಟ್ಟುಬಿಡುತ್ತದೆ.

ಮುಂದಿನ ಸಾಲು: ‘ಪ್ರಶ್ನೆಪತ್ರಿಕೆ ಕಂಡ ಕ್ಷಣವೇ ಕಾರ್ಟಿಸಾಲ್ ನುಗ್ಗುತ್ತದೆ.’ ಕ್ಷಣದಲ್ಲಿ ಎದೆ ಹೊಡೆದುಕೊಳ್ಳುವಂತೆ ಮಾಡುವುದು ಅಡ್ರಿನಲಿನ್ ಎಂಬ ಬೇರೆ ಹಾರ್ಮೋನು. ನೀವು ಹೇಳುವ ಒತ್ತಡದ ಹಾರ್ಮೋನು ಕಾರ್ಟಿಸಾಲ್ ನಿಧಾನ, ಅದು ಏರಿ ತುದಿ ಮುಟ್ಟಲು ಸುಮಾರು 20ರಿಂದ 30 ನಿಮಿಷ ಬೇಕು.

ಅದರ ಕೆಳಗೆ ‘ವಿಜ್ಞಾನಿಗಳು ಇದನ್ನು ಸಾಬೀತುಪಡಿಸಿದ್ದಾರೆ’ ಎಂದು ಮುಗಿಸಿದ್ದೀರಿ. ಯಾರು, ಹೇಗೆ? 1998ರಲ್ಲಿ ದ ಕ್ವೆರ್ವೇನ್, ರೂಜೆಂಡಾಲ್, ಮೆಕ್‌ಗಾ ಎಂಬ ವಿಜ್ಞಾನಿಗಳು ಇಲಿಗಳಿಗೆ ನೀರಿನ ತೊಟ್ಟಿಯಲ್ಲಿ ಮುಳುಗಿದ್ದ ಪುಟ್ಟ ಕಟ್ಟೆ ಎಲ್ಲಿದೆಯೆಂದು ಕಲಿಸಿದರು. ಮರುದಿನ ಪರೀಕ್ಷೆಗೆ ಮುಂಚೆ ಕಾಲಿಗೆ ಶಾಕ್ ಕೊಟ್ಟರು. 2 ನಿಮಿಷ ಮುಂಚೆ ಶಾಕ್ ತಿಂದವಕ್ಕೆ ಜಾಗ ನೆನಪಿತ್ತು. 4 ಗಂಟೆ ಮುಂಚೆ ತಿಂದವಕ್ಕೂ ನೆನಪಿತ್ತು. 30 ನಿಮಿಷ ಮುಂಚೆ ತಿಂದವು ತಡಕಾಡಿದವು. ಕಾರ್ಟಿಸಾಲ್‌ಗೆ ಸಮನಾಗಿ ಇಲಿಗಳಲ್ಲಿರುವ ಹಾರ್ಮೋನು ಏರದಂತೆ ಔಷಧ ಕೊಟ್ಟಾಗ ಆ ತಡಕಾಟವೂ ನಿಂತಿತು. ಇಂಥ ಪ್ರಯೋಗವನ್ನು ಮೂರು ಪದದಲ್ಲಿ ಮುಚ್ಚಿಹಾಕಿದಿರಲ್ಲ!

ನಾನು ಪತ್ರಿಕೆಗೆ ಸೇರಿದ ಹೊಸತರಲ್ಲಿ ಹಾವಿನ ಬಗ್ಗೆ ಬರೆಯುತ್ತಾ ‘ವಿಷ ತಕ್ಷಣ ಏರುತ್ತದೆ’ ಎಂದಿದ್ದೆ. ನಮ್ಮ ಹಿರಿಯರು ‘ತಕ್ಷಣ’ಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ಎಷ್ಟು ನಿಮಿಷ?’ ಎಂದು ಬರೆದು ವಾಪಸ್ ಕೊಟ್ಟರು. ತಾಲ್ಲೂಕು ಆಸ್ಪತ್ರೆಯ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕಾದೆ. ಡಾಕ್ಟರು ಹೇಳಿದರು: ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ನೋವೇ ಇರುವುದಿಲ್ಲ, ಲಕ್ಷಣ ಕಾಣಲು ಗಂಟೆಗಳೇ ಹಿಡಿಯಬಹುದು, ಏನೂ ಆಗಲಿಲ್ಲವೆಂದು ಜನ ಮತ್ತೆ ಮಲಗಿಬಿಡುತ್ತಾರೆ. ನನ್ನ ‘ತಕ್ಷಣ’ ಓದಿದವರೂ ಹಾಗೇ ಮಲಗುತ್ತಿದ್ದರು ಎಂದು ಹೊಳೆದು, ಬಸ್ಸಿನಲ್ಲಿ ಬರುವಾಗ ಕೈ ನಡುಗುತ್ತಿತ್ತು.

ಎರಡನೇ ಪುಟವನ್ನು ಮತ್ತೆ ಬರೆದು ಕಳಿಸಿ. ಇಲಿಗಳಿಗೆ ಜಾಗ ಕೊಡಿ. ಬೇಕಾದರೆ ಒಂದು ಪುಟ ಹೆಚ್ಚಾಗಲಿ. ಕಾಯುತ್ತೇನೆ.

— ಸಂಪಾದಕ