ಪಟ್ಟಿಯಲ್ಲಿ ಕೊನೆಗಿರುವ ಮರವನ್ನೂ ನೋಡಿ

ಪ್ರಶ್ನೆ: ಚಳ್ಳಕೆರೆ ಹತ್ತಿರ ಮೂರು ಎಕರೆ ಕೆಂಪು ಗರಸು ಜಮೀನಿದೆ. ಬೋರ್‌ವೆಲ್ ಬತ್ತಿದೆ, ಶೇಂಗಾ ಹಾಕಿ ಹಾಕಿ ಸಾಕಾಗಿದೆ. ಬದುವಿಗೆ, ಮತ್ತೆ ಒಂದೆಕರೆಗೆ ಮರ ಹಾಕೋಣ ಅಂತಿದ್ದೇನೆ. ಬೇರೆ ಬೇರೆ ಜಿಲ್ಲೆಯ ರೈತರು ತಾವು ನೆಟ್ಟ ಗಿಡಗಳ ಲೆಕ್ಕ ಸೇರಿಸಿ ನಮ್ಮ ಗುಂಪಿಗೆ ಒಂದು ಪಟ್ಟಿ ಕಳಿಸಿದ್ದಾರೆ. ಅದರಲ್ಲಿ ಎರಡೇ ವರ್ಷಕ್ಕೆ 20 ಅಡಿ ಹೋದ ಹೆಬ್ಬೇವು ಎಲ್ಲಕ್ಕಿಂತ ಮೇಲಿದೆ, ಕಮರ ಎಲ್ಲಕ್ಕಿಂತ ಕೆಳಗಿದೆ. ಹೆಬ್ಬೇವನ್ನೇ ಹಾಕಲಾ?

ಉತ್ತರ: ಬೇಡ. ಹೆಬ್ಬೇವು ಕೆಟ್ಟ ಮರ ಅಂತಲ್ಲ, ಅದಕ್ಕೆ ನೀರು ಬೇಕು. ಪಶ್ಚಿಮ ಘಟ್ಟದ ಕಡೆ ಒಳ್ಳೆ ಮಳೆಯಲ್ಲಿ ತಾನೇ ತಾನಾಗಿ ಬೆಳೆಯುವ ಮರ ಅದು. ಬಯಲುಸೀಮೆಯಲ್ಲಿ ಭರ್ಜರಿ ಬೆಳೆದ ತೋಟ ಕಂಡರೆ ಬುಡದಲ್ಲಿ ಡ್ರಿಪ್ ಪೈಪ್ ಇದೆಯಾ ನೋಡಿ, ಬಹುಪಾಲು ಇರುತ್ತದೆ. ಆ 20 ಅಡಿ ಬೆಳೆಸಿದವರು ಯಾವ ಊರಿನವರು, ಎಂಥ ಮಣ್ಣು, ಎಷ್ಟು ಮಳೆ, ನೀರು ಕೊಟ್ಟರಾ ಅಂತ ಮೊದಲು ಕೇಳಿ. ಇದು ಗೊತ್ತಿಲ್ಲದ ಸಾಲನ್ನು ಸುಮ್ನೆ ಹೊಡೆದು ಹಾಕಿ.

ಆಮೇಲೆ ಎತ್ತರದ ಲೆಕ್ಕ. ನೂರು ಗಿಡ ನೆಟ್ಟು ನಲವತ್ತು ಉಳಿದರೆ ಸರಾಸರಿ ಎತ್ತರ ತೆಗೆಯುವುದು ಆ ನಲವತ್ತರದ್ದು ಮಾತ್ರ, ಅಲ್ವಾ? ಸತ್ತ ಅರವತ್ತಕ್ಕೆ ಎತ್ತರ ಎಲ್ಲಿಂದ ಬರಬೇಕು! ಹಾಗಾಗಿ ನಾನಾದರೆ ನೆಟ್ಟಿದ್ದೆಷ್ಟು, ಮೂರನೇ ಬೇಸಿಗೆ ದಾಟಿದ್ದೆಷ್ಟು ಅಂತ ಮೊದಲು ನೋಡುತ್ತೇನೆ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲೂ ಮೊದಲ ಮೂರು ವರ್ಷ ದುಡ್ಡು ಕೊಡುವುದು ಬದುಕಿರುವ ಗಿಡ ಎಣಿಸಿ, ಎತ್ತರ ಅಳೆದಲ್ಲ.

ಕಮರ ಕೆಳಗೆ ಬಿದ್ದಿದ್ದಕ್ಕೂ ಕಾರಣ ಇದೆ. ಮೊದಲ ಕೆಲವು ವರ್ಷ ಅದು ಮೇಲೆ ಬೆಳೆಯುವುದೇ ಕಮ್ಮಿ. ಬೇಸಿಗೆಯಲ್ಲಿ ಕುಡಿ ಒಣಗಿ, ಗಿಡ ಹೋಯ್ತು ಅಂತ ನೀವು ಕೈಬಿಟ್ಟಿರುತ್ತೀರಿ, ಮಳೆ ಬಿದ್ದ ಮೇಲೆ ಬುಡದಿಂದ ಮತ್ತೆ ಚಿಗುರುತ್ತದೆ, ಯಾಕೆಂದರೆ ಅಷ್ಟೂ ದಿನ ಅದು ಬೇರನ್ನು ಆಳಕ್ಕೆ ಇಳಿಸುತ್ತಿರುತ್ತದೆ. ಎರಡು ವರ್ಷಕ್ಕೇ ಟೇಪು ಹಿಡಿದರೆ ಅದು ಫೇಲ್ ಆಗಲೇಬೇಕು. ಚಿಟ್ಟೆ ರೆಕ್ಕೆಯ ಹಾಗೆ ಜೋಡಿ ಎಲೆ ಇರುವ ಆ ಮರ ನಿಮ್ಮ ಕಡೆ ಹೊಸದೇನಲ್ಲ. ಸೊಪ್ಪನ್ನು ಕುರಿ, ದನ ತಿನ್ನುತ್ತವೆ, ಕಟ್ಟಿಗೆ ಕಬ್ಬಿಣದಂಥದ್ದು.

ನಿಮ್ಮ ಎಕರೆಗೆ ಕಮರ, ಬೇವು ಜಾಸ್ತಿ ಇರಲಿ, ನಡುವೆ ಸೀತಾಫಲ ಹಾಕಿ, ಬದುವಿಗೆ ಹೊಂಗೆ. ಎಲ್ಲವನ್ನೂ ಒಂದೇ ವರ್ಷ ನೆಡಬೇಡಿ. ಈ ಸಲ ಒಂದೊಂದು ಜಾತಿಯ ಹತ್ತು ಹತ್ತು ಗಿಡವನ್ನು ಮೇಲಿನ ಗರಸಿನಲ್ಲೂ ಕೆಳಗಿನ ತಗ್ಗಿನಲ್ಲೂ ನೆಟ್ಟು ನೋಡಿ, ಒಂದೇ ಹೊಲದಲ್ಲಿ ಎಷ್ಟು ವ್ಯತ್ಯಾಸ ಬರುತ್ತದೆ ಅಂತ ನಿಮಗೇ ಕಾಣುತ್ತದೆ. ಇನ್ನೊಂದು ಮಾತು, ನರ್ಸರಿಯಲ್ಲಿ ಒಂದು ಗಿಡದ ಪಾಕೆಟ್ ಹರಿದು ನೋಡಿ. ತಾಯಿಬೇರು ತಳದಲ್ಲಿ ಸುರುಳಿ ಸುತ್ತಿದ್ದರೆ ಆ ರಾಶಿಯನ್ನೇ ಬಿಟ್ಟು ಬನ್ನಿ, ಪುಕ್ಕಟೆ ಕೊಟ್ಟರೂ ಬೇಡ.

ಪ್ರಶ್ನೆ: ಗದಗದ ಕಡೆ ಎರೆ ಹೊಲ, ಮಳೆಗಾಲದಲ್ಲಿ ಒಂದು ಮೂಲೆಯಲ್ಲಿ ನೀರು ನಿಲ್ಲುತ್ತದೆ. ಅಲ್ಲಿ ಬೇವು ನಡೆಯುತ್ತಾ?

ಉತ್ತರ: ಆ ಮೂಲೆಗೆ ಬೇಡ, ಬೇವಿಗೆ ನಿಂತ ನೀರು ಆಗಿಬರಲ್ಲ. ಕರಿಜಾಲಿ ಹಾಕಿ. ಮುಳ್ಳು ಅಂತ ಮನೆಯವರು ಬೈಯಬಹುದು, ಆದರೆ ಎರೆ ಮಣ್ಣಿನಲ್ಲಿ ಅದು ಗಟ್ಟಿ, ಕಾಯಿ ಉದುರಿದರೆ ಆಡು ಕುರಿ ಬಿಡಲ್ಲ. ಹೊಂಗೆಯೂ ತಾಳುತ್ತದೆ.

ಪ್ರಶ್ನೆ: ನೀರಿಲ್ಲದ ಹೊಲದಲ್ಲಿ ಶ್ರೀಗಂಧ ಒಂದನ್ನೇ ಹಾಕಬಹುದಾ?

ಉತ್ತರ: ಒಂದನ್ನೇ ಹಾಕಿದರೆ ಸೊರಗುತ್ತದೆ. ಪಕ್ಕದ ಗಿಡದ ಬೇರಿನಿಂದ ಹೀರಿ ಬದುಕುವ ಮರ ಅದು, ಶುರುವಿಗೆ ಬುಡದಲ್ಲಿ ತೊಗರಿಯಾದರೂ ಇರಲಿ, ಆಮೇಲೆ ಪಕ್ಕದಲ್ಲಿ ಹೊಂಗೆಯಂಥ ಮರ ಬೇಕೇ ಬೇಕು. ಬೆಳೆದ ಮೇಲೆ ಕಾವಲು ಯಾರು ಕಾಯುತ್ತಾರೆ ಅಂತಲೂ ಈಗಲೇ ಮನೆಯಲ್ಲಿ ಮಾತಾಡಿಕೊಳ್ಳಿ.