ಪ್ರಾಣಿ ರಕ್ಷಣೆಯ ಕಾನೂನಿನಲ್ಲಿ ನಮ್ಮ ಶಾಸಕರ ಕೈ ಎಷ್ಟು ಉದ್ದ?

ಪ್ರಾಣಿ ಹಿಂಸೆ ತಡೆಯುವ ಕಾಯ್ದೆ ಕೇಂದ್ರದ್ದಾಗಿರುವಾಗ ಕರ್ನಾಟಕದ ಶಾಸಕರಿಗೆ ಮನವಿ ಕೊಟ್ಟು ಏನು ಪ್ರಯೋಜನ, ವಿಧಾನಮಂಡಲದ ಸಮಿತಿಗಳಿಗೆ ಇದರಲ್ಲಿ ಏನು ಕೆಲಸ ಎಂದು ಕೇಳಿದ್ದೀರಿ. ಪ್ರಯೋಜನ ಖಂಡಿತ ಇದೆ. ಗಾಯಗೊಂಡ ಎತ್ತು, ನಾಯಿಗಳ ಪರವಾಗಿ ಠಾಣೆಯ ಮೆಟ್ಟಿಲು ಹತ್ತಿದವನಾಗಿ ನಾನು ಕಂಡುಕೊಂಡದ್ದು ಇಷ್ಟು: ಶಾಸಕರಿಗೆ ಜನ ಅಂದುಕೊಂಡಿರುವುದಕ್ಕಿಂತ ಹೆಚ್ಚು ಅಧಿಕಾರವಿದೆ. ಆದರೆ ಅದನ್ನು ಹೀಗೆ ಬಳಸಿ ಎಂದು ನಿರ್ದಿಷ್ಟವಾಗಿ ಕೇಳುವವರು ತೀರಾ ಕಡಿಮೆ.

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವುದು ಸಂವಿಧಾನದ ಸಮವರ್ತಿ ಪಟ್ಟಿಯ, ಅಂದರೆ ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿಯ, 17ನೇ ವಿಷಯ. ಕೇಂದ್ರದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ರಾಜ್ಯವೂ ತಿದ್ದುಪಡಿ ತರಬಹುದು. ಅದು ಕೇಂದ್ರದ ಕಾಯ್ದೆಗೆ ವಿರುದ್ಧವಾಗಿದ್ದರೆ 254(2)ನೇ ವಿಧಿಯಂತೆ ರಾಷ್ಟ್ರಪತಿಗಳ ಅಂಕಿತ ಬೇಕು. ಜಾನುವಾರು ಸಂರಕ್ಷಣೆಯಂತೂ ರಾಜ್ಯಗಳೇ ಕಾನೂನು ಮಾಡುವ ರಾಜ್ಯ ಪಟ್ಟಿಯಲ್ಲೇ ಇದೆ.

ಇದು ಬರಿಯ ಕಾಗದದ ಮಾತಲ್ಲ ಎಂಬುದಕ್ಕೆ ಕಂಬಳವೇ ಸಾಕ್ಷಿ. ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟದ ವಿರುದ್ಧ ಸುಪ್ರೀಂ ಕೋರ್ಟ್ 2014ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿತು. 2016ರ ನವೆಂಬರ್‌ನಲ್ಲಿ ನಮ್ಮ ಹೈಕೋರ್ಟ್ ಕಂಬಳಕ್ಕೆ ತಡೆ ನೀಡಿತು. ಕರಾವಳಿ ಹೊತ್ತಿಕೊಂಡಿತು. 2017ರ ಫೆಬ್ರುವರಿಯಲ್ಲೇ ವಿಧಾನಸಭೆ ಕಂಬಳಕ್ಕೆ ಅವಕಾಶ ಕೊಡುವ ತಿದ್ದುಪಡಿ ಮಸೂದೆಗೆ ಒಪ್ಪಿಗೆ ಕೊಟ್ಟಿತು, ಜುಲೈನಲ್ಲಿ ಸುಗ್ರೀವಾಜ್ಞೆ ಬಂತು, ಆಮೇಲೆ ಇನ್ನೊಂದು ಮಸೂದೆ ಅಂಗೀಕಾರವಾಗಿ 2018ರ ಫೆಬ್ರುವರಿಯಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆಯಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಮಹಾರಾಷ್ಟ್ರದ ತಿದ್ದುಪಡಿಗಳ ಜೊತೆಗೆ ನಮ್ಮದನ್ನೂ ಎತ್ತಿಹಿಡಿಯಿತು. ಷರತ್ತುಗಳ ಪಾಲನೆಯ ಹೊಣೆಯನ್ನು ಜಿಲ್ಲಾಡಳಿತದ ಮೇಲೆ ಹೊರಿಸಿತು.

ಕಂಬಳ ನಿಲ್ಲಲಿ ಎಂದು ನಾನು ಹೇಳುತ್ತಿಲ್ಲ. ಕೋಣಗಳನ್ನು ಮಕ್ಕಳಂತೆ ಸಾಕುವ ಮನೆಗಳನ್ನು ನಾನು ಬಲ್ಲೆ. ನನ್ನ ನೋವು ಬೇರೆಯೇ ಇದೆ. ಮನಸ್ಸು ಮಾಡಿದರೆ ಒಂದೇ ವರ್ಷದಲ್ಲಿ ಕೇಂದ್ರದ ಕಾಯ್ದೆಯನ್ನು ತಿದ್ದಬಲ್ಲ ಸದನ, ಅದೇ ಕಾಯ್ದೆಯ 11ನೇ ಸೆಕ್ಷನ್‌ನ ದಂಡವನ್ನು ಮುಟ್ಟಲಿಲ್ಲ. ಪ್ರಾಣಿಯನ್ನು ಹೊಡೆದು, ಒದ್ದು, ಮಿತಿಮೀರಿ ಭಾರ ಹೊರಿಸಿ ಮೊದಲ ಸಲ ಸಿಕ್ಕಿಬಿದ್ದವನಿಗೆ 1960ರಲ್ಲಿ ಬರೆದಿಟ್ಟ ದಂಡ 10ರಿಂದ 50 ರೂಪಾಯಿ. ಹೊಡೆದವನನ್ನು ವಾರಂಟ್ ಇಲ್ಲದೆ ಬಂಧಿಸಲು ಈ ಕಾಯ್ದೆಯಡಿ ಪೊಲೀಸರಿಗೆ ಅಧಿಕಾರವೂ ಇಲ್ಲ. ಪ್ರಾಣಿಯನ್ನು ಕೊಂದರೆ ಅಥವಾ ಅಂಗಹೀನ ಮಾಡಿದರೆ ಮಾತ್ರ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ನೆರವಿಗೆ ಬರುತ್ತದೆ. ಅದರಲ್ಲಿ ಐದು ವರ್ಷದವರೆಗೆ ಶಿಕ್ಷೆ ಇದೆ. ಅಲ್ಲಿಯವರೆಗೆ ಆ ಮೂಕ ಜೀವ ಏಟು ತಿನ್ನುತ್ತಲೇ ಇರಬೇಕೇ?

ಇದರ ಪಕ್ಕದಲ್ಲಿ ರಾಜ್ಯದ 2020ರ ಗೋಹತ್ಯೆ ನಿಷೇಧ ಕಾಯ್ದೆಯನ್ನು ಇಟ್ಟು ನೋಡಿ. 1964ರ ಹಳೆಯ ಕಾಯ್ದೆಯಲ್ಲಿ ಪ್ರಮಾಣಪತ್ರವಿದ್ದರೆ 12 ವರ್ಷ ದಾಟಿದ ಎತ್ತು, ಎಮ್ಮೆ, ಕೋಣಗಳ ವಧೆಗೆ ಅವಕಾಶವಿತ್ತು. ಹೊಸ ಕಾಯ್ದೆ ಎತ್ತುಗಳನ್ನು ಪೂರ್ತಿಯಾಗಿ ರಕ್ಷಣೆಯೊಳಗೆ ತಂದು, ಎಮ್ಮೆ ಕೋಣಗಳಿಗೆ ಮಾತ್ರ 13 ವರ್ಷದ ಗೆರೆ ಎಳೆಯಿತು. ದಂಡ 50 ಸಾವಿರದಿಂದ 5 ಲಕ್ಷ ರೂಪಾಯಿ, ಸೆರೆವಾಸ 3ರಿಂದ 7 ವರ್ಷ. ಆ ಕಾಯ್ದೆಯ ಬಗ್ಗೆ ನಿಮ್ಮ ನಿಲುವು ಏನೇ ಇರಲಿ, ವ್ಯಾಖ್ಯಾನದ ಒಂದು ಸಾಲು, ಒಂದು ಅಂಕಿ ಎಷ್ಟು ಪ್ರಾಣಿಗಳ ಮತ್ತು ಎಷ್ಟು ರೈತರ ಪಾಡನ್ನು ಬದಲಿಸುತ್ತದೆ ಎಂಬುದು ಇಲ್ಲಿ ಕಾಣುತ್ತದೆ. ಅದೇ ಹಸುವನ್ನು ಕೊಟ್ಟಿಗೆಯಲ್ಲಿ ನೀರಿಲ್ಲದೆ ಕಟ್ಟಿಹಾಕಿದರೆ ಮತ್ತೆ ಅದೇ 50 ರೂಪಾಯಿ.

ಇಂಥ ಸಾಲುಗಳನ್ನು ಎಳೆಎಳೆಯಾಗಿ ಬಿಡಿಸಿ ನೋಡಬೇಕಾದ ಜಾಗವೇ ಸಮಿತಿ. ಮಸೂದೆಯನ್ನು ಜಂಟಿ ಪರಿಶೀಲನಾ ಸಮಿತಿಗೆ ಒಪ್ಪಿಸಿದರೆ ಪಶುವೈದ್ಯರನ್ನು, ಸಾಕುವವರನ್ನು, ಪೊಲೀಸರನ್ನು ಕರೆದು ಕೇಳಬಹುದು. ಆದರೆ ರಾಜ್ಯಗಳಲ್ಲಿ ಬಹುಪಾಲು ಮಸೂದೆಗಳು ಯಾವ ಸಮಿತಿಯನ್ನೂ ಕಾಣದೆ, ಗದ್ದಲದ ನಡುವೆ ಧ್ವನಿಮತದಿಂದ ದಾಟಿಬಿಡುತ್ತವೆ. ಹಾಗಾಗಿ ಮಸೂದೆ ಮಂಡನೆಯಾದ ದಿನವೇ ಅದನ್ನು ಸಮಿತಿಗೆ ಕಳುಹಿಸಿ ಎಂದು ಒತ್ತಾಯಿಸುವುದು ಅತ್ಯಂತ ಬೆಲೆಯುಳ್ಳ ಬೇಡಿಕೆ. 1960ರ ಕಾಯ್ದೆಯೇ ಹಾಗೆ ಹುಟ್ಟಿದ್ದು: ರಾಜ್ಯಸಭೆಯ ಸದಸ್ಯೆಯಾಗಿದ್ದ ನೃತ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ಸರ್ಕಾರದ ಪರವಾಗಿ ಅಲ್ಲದೆ ತಾವೇ ಖಾಸಗಿ ಮಸೂದೆ ತಂದರು, ನೆಹರೂ ಭರವಸೆ ಕೊಟ್ಟ ಮೇಲೆ ಹಿಂಪಡೆದರು, ಸರ್ಕಾರ ಸಮಿತಿ ನೇಮಿಸಿತು, ಆಮೇಲೆ ಕಾಯ್ದೆ ಬಂತು.

ಕಾಯ್ದೆ ಆದ ಮೇಲೂ ಬಾಗಿಲು ಮುಚ್ಚುವುದಿಲ್ಲ. ರಾಜ್ಯದ ಕಾಯ್ದೆಯಡಿ ಸರ್ಕಾರ ರೂಪಿಸಿದ ನಿಯಮಗಳು ಕಾಯ್ದೆಯ ಮಿತಿ ಮೀರಿವೆಯೇ ಎಂದು ಅಧೀನ ಶಾಸನ ರಚನಾ ಸಮಿತಿ ನೋಡುತ್ತದೆ. ಸಾರ್ವಜನಿಕರ ದೂರು ಅರ್ಜಿಗಳ ಸಮಿತಿಗೆ ಹೋಗಬಹುದು. ನನಗೆ ಹೆಚ್ಚು ನಂಬಿಕೆ ಇರುವುದು ಸರ್ಕಾರಿ ಭರವಸೆಗಳ ಸಮಿತಿಯ ಮೇಲೆ. ಸಚಿವರು ಸದನದಲ್ಲಿ ಕೊಟ್ಟ ಮಾತನ್ನು ಅದು ಬೆನ್ನು ಹತ್ತುತ್ತದೆ.

ಆದ್ದರಿಂದ ‘ಪ್ರಾಣಿಗಳನ್ನು ಉಳಿಸಿ’ ಎಂದಷ್ಟೇ ಮನವಿ ಬರೆಯಬೇಡಿ. 2001ರ ಕೇಂದ್ರ ನಿಯಮದ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಪ್ರಾಣಿ ದಯಾ ಸಂಘ ಇರಲೇಬೇಕು. ನಮ್ಮ ಜಿಲ್ಲೆಯ ಸಂಘ ಕೊನೆಯ ಸಲ ಸಭೆ ಸೇರಿದ್ದು ಯಾವಾಗ, ಅದಕ್ಕೆ ಕೊಟ್ಟ ಅನುದಾನ ಎಷ್ಟು, 11ನೇ ಸೆಕ್ಷನ್‌ನ ದಂಡ ಏರಿಸುವ ರಾಜ್ಯ ತಿದ್ದುಪಡಿ ಯಾವಾಗ ಎಂಬ ಮೂರು ಪ್ರಶ್ನೆಗಳನ್ನು ಬರೆದುಕೊಡಿ. ಅಧಿವೇಶನ ಶುರುವಾಗುವುದಕ್ಕೆ ಸಾಕಷ್ಟು ಮೊದಲೇ ಕೊಡಿ, ಚುಕ್ಕೆ ಗುರುತಿನ ಪ್ರಶ್ನೆಯಾಗಿ, ಅಂದರೆ ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆಯಾಗಿ ಶಾಸಕರಿಂದ ಕೇಳಿಸಿ. ಸಚಿವರು ‘ಪರಿಶೀಲಿಸುತ್ತೇವೆ’ ಎಂದರೆ ಆ ಉತ್ತರದ ಪ್ರತಿಯನ್ನು ಭದ್ರವಾಗಿ ಇಟ್ಟುಕೊಳ್ಳಿ. ಭರವಸೆಗಳ ಸಮಿತಿಗೆ ಬರೆಯುವಾಗ ಅದೇ ನಿಮ್ಮ ಆಧಾರ.